ಕ್ಯಾಸೆಟ್ ಊದುತ್ತಿದ್ದವರು

ಅವರ ಬಾಯಿಯಿಂದಲೇ ಶುರು ಮಾಡುತ್ತೇನೆ. ಹೇಳಿಕೊಳ್ಳುವಂಥದ್ದು ಅವರಲ್ಲಿ ಇದ್ದದ್ದು ಅದೊಂದೇ. ದಪ್ಪ ತುಟಿ, ಅದರ ಮೇಲೆ ಅಳತೆ ಹಿಡಿದು ಕತ್ತರಿಸಿದ ಮೀಸೆ, ಅಡಿಕೆ ಅಗಿದು ಕಂದಿಹೋದ ಹಲ್ಲು. ಆ ಬಾಯಿಂದ ಯಾರಿಗಾದರೂ ಒಂದು ಒಳ್ಳೆಯ ಮಾತು ಹೊರಟಿದ್ದು ನನಗೆ ನೆನಪಿಲ್ಲ. ಆದರೆ ಅದೇ ಬಾಯಿಂದ ಮೂರು ಸಲ ಉಫ್ ಎಂದು ಊದಿದ್ದಕ್ಕೆ ಅಜ್ಜಂಪುರದ ನಮ್ಮ ಬೀದಿಯ ಗಂಡಸರು ಇವತ್ತಿಗೂ ಅವರನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಾರೆ.

ಅವರು ತೀರಿಕೊಂಡ ಸುದ್ದಿ ನನಗೆ ಬಂದದ್ದು ಬೀದಿಯವರೆಲ್ಲ ಸೇರಿ ಮಾಡಿಕೊಂಡಿರುವ ವಾಟ್ಸಾಪ್ ಗುಂಪಿನಲ್ಲಿ. ಗುಂಪಿನ ಹೆಸರು ‘ನಮ್ಮ ಬಾಲ್ಯ’. ತಲೆ ಬೋಳಾದ, ಬಿಪಿ ಮಾತ್ರೆ ನುಂಗುವ ಗಂಡಸರು ಅಲ್ಲಿ ಬೆಳಗೆದ್ದು ಗೋಲಿ, ಲಗೋರಿ, ಹಳೇ ವಿಡಿಯೋ ಗೇಮಿನ ಚಿತ್ರ ಹಾಕಿ, ಆ ದಿನಗಳು ಮತ್ತೆ ಬಾರವು ಎಂದು ಕೊರಗುತ್ತಾರೆ. ಅವತ್ತು ಅಲ್ಲಿ ಕೈಮುಗಿಯುವ ಚಿತ್ರಗಳ ಮಳೆ. ‘ನಮ್ಮ ಬಾಲ್ಯಕ್ಕೆ ಉಸಿರು ಕೊಟ್ಟವರು’ ಎಂದು ಒಬ್ಬ ಬರೆದ. ಉಳಿದವರು ಅದನ್ನೇ ಕಾಪಿ ಮಾಡಿ ಹಾಕಿದರು. ನಾನು ಏನೂ ಬರೆಯಲಿಲ್ಲ. ಬರೆಯಬೇಕಾದದ್ದು ಅಲ್ಲಿ ಹಿಡಿಸುವಷ್ಟು ಚಿಕ್ಕದಾಗಿರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವರು ನಮ್ಮ ಪಕ್ಕದ ಮನೆಯವರು. ತರೀಕೆರೆಯ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದರು. ಬಸ್ಸಿಳಿದವರು ಮನೆಗೆ ಬರುವವರೆಗೂ ದಾರಿಯಲ್ಲಿ ಸಿಕ್ಕವರಿಗೆಲ್ಲ ಒಂದೇ ಮಾತು: ತಾವು ಇವತ್ತು ರಜಾ ಹಾಕಿದ್ದರೆ ಆ ಕಚೇರಿಯಲ್ಲಿ ಏನು ಗತಿಯಾಗುತ್ತಿತ್ತು ಎಂಬುದು. ಅವರು ರಜಾ ಹಾಕಿದ ದಿನಗಳಲ್ಲೂ ಕಚೇರಿ ತೆರೆದೇ ಇರುತ್ತಿತ್ತು, ಜನ ಕೆಲಸ ಮಾಡಿಸಿಕೊಂಡು ಬರುತ್ತಿದ್ದರು. ಅದನ್ನು ಅವರ ಮುಖಕ್ಕೆ ಹೇಳಿದವರು ಯಾರೂ ಇಲ್ಲ.

ಅವರಿಗೆ ಒಬ್ಬಳೇ ಮಗಳು, ಶಶಿಕಲಾ. ನಮಗೆಲ್ಲ ಶಶಿ. ನಾನೂ ಅವಳೂ ಒಂದೇ ಬೆಂಚಿನವರು. ಏಳನೇ ತರಗತಿಯಲ್ಲಿ ಅವಳು ಸ್ಕೂಲಿಗೇ ಮೊದಲು ಬಂದಳು. ಆ ಖುಷಿಗೆ ಅವಳ ಸೋದರಮಾವ ದಾವಣಗೆರೆಯಿಂದ ಒಂದು ವಿಡಿಯೋ ಗೇಮ್ ತಂದುಕೊಟ್ಟರು. ಈಗಿನವರಿಗೆ ಹೇಳಬೇಕು: ಬೂದು ಬಣ್ಣದ ಒಂದು ಡಬ್ಬಿ, ಅದಕ್ಕೆ ವೈರು ಕಟ್ಟಿದ ಎರಡು ರಿಮೋಟು, ತಲೆಯ ಮೇಲೆ ಒಂದು ಸೀಳು. ಆ ಸೀಳಿಗೆ ಅಂಗೈ ಅಗಲದ ಕ್ಯಾಸೆಟ್ ಸಿಕ್ಕಿಸಿ ಟಿವಿ ಹಚ್ಚಿದರೆ ಆಟ ಬರುತ್ತಿತ್ತು. ಮೀಸೆಯ ಕುಳ್ಳನೊಬ್ಬ ಗುಂಡಿಗಳನ್ನು ಹಾರಿಕೊಂಡು ಓಡುವುದು, ಟ್ಯಾಂಕುಗಳು ಇಟ್ಟಿಗೆ ಗೋಡೆ ಒಡೆಯುವುದು, ಇಂಥವು. ನಮ್ಮ ಬೀದಿಯಲ್ಲಿ ಅದೊಂದೇ ಇದ್ದದ್ದು.

ಹೊಸ್ತಿಲಿಂದ ನಡುಮನೆಗೆ ಬರುವಷ್ಟು ಹೊತ್ತು ಅದು ಶಶಿಯದಾಗಿತ್ತು. ಆಮೇಲೆ ಅವಳಪ್ಪ ಕೈ ಚಾಚಿ ಇಸಿದುಕೊಂಡರು. “ಹೆಣ್ಣುಡ್ಗೀಗ್ಯಾಕೆ ಕರೆಂಟ್ ಸಾಮಾನು, ನಾನು ನೋಡ್ಕತೀನಿ ಬಿಡಿ” ಎಂದು ಭಾವಮೈದುನನಿಗೆ ಹೇಳಿದರಂತೆ. ನೋಡಿಕೊಂಡರು, ಚೆನ್ನಾಗಿಯೇ ನೋಡಿಕೊಂಡರು.

ಸಂಜೆ ಅವರು ಬಸ್ಸಿಳಿದು ಬರುವ ಹೊತ್ತಿಗೆ ನಾವು ಹತ್ತು ಹನ್ನೆರಡು ಮಕ್ಕಳು ಅವರ ಜಗಲಿಯ ಮೇಲೆ ಕಾದಿರುತ್ತಿದ್ದೆವು. ಅವರು ನಮ್ಮನ್ನು ನೋಡಿಯೂ ನೋಡದವರಂತೆ ಒಳಗೆ ಹೋಗಿ, ಅಂಗಿಯನ್ನು ಮೊಳೆಗೆ ತಗುಲಿಸಿ, ಬನಿಯನ್-ಪಂಚೆಯಲ್ಲಿ ಬಚ್ಚಲಿಗೆ ಹೋಗುತ್ತಿದ್ದರು. ಅಲ್ಲಿ ಬಾಯಿ ಮುಕ್ಕಳಿಸುವುದು ಐದು ನಿಮಿಷ. ಆ ಸದ್ದು ಬೀದಿಗೆ ಕೇಳುತ್ತಿತ್ತು. ಹೊರಗೆ ಬಂದು, ಟವಲಿನಿಂದ ತುಟಿ ಒರೆಸಿಕೊಂಡು, ಚಾಪೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂತು, ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಎಡದಿಂದ ಬಲಕ್ಕೆ ಒಂದು, ಬಲದಿಂದ ಎಡಕ್ಕೆ ಒಂದು, ನಡುವಿಗೆ ಒಂದು, ಹೀಗೆ ಮೂರು ಸಲ ಊದುತ್ತಿದ್ದರು. ಆಮೇಲೆ ಅಂಗೈಗೆ ಎರಡು ಸಲ ಕುಟ್ಟಿ ಸೀಳಿಗೆ ಇಳಿಸುತ್ತಿದ್ದರು. ಊದುವುದಕ್ಕೂ ಒಂದು ಲೆಕ್ಕ ಇದೆ, ಕಂಡಕಂಡವರು ಊದಿದರೆ ಒಳಗಿನದು ಸುಟ್ಟುಹೋಗುತ್ತದೆ ಎಂದು ನಮ್ಮನ್ನು ಹೆದರಿಸಿಟ್ಟಿದ್ದರು. ನಾವು ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆವು.

ಆಟ ಬಂದರೆ ಅದು ಅವರ ಉಸಿರಿನ ಗುಣ. ಬಾರದಿದ್ದರೆ ನಮ್ಮಲ್ಲಿ ಯಾರೋ ಕೈ ತೊಳೆಯದೆ ಬಂದಿದ್ದಾರೆ. ಅಂಥವನೊಬ್ಬನನ್ನು ಅವರು ಮುಖ ನೋಡಿಯೇ ಪತ್ತೆ ಮಾಡಿ ಹೊರಗೆ ಕಳಿಸುತ್ತಿದ್ದರು. ಒಂದು ಸಲ ಊದುವ ಹೊತ್ತಿಗೇ ಕರೆಂಟ್ ಹೋಯಿತು. ಇವರು ಬಿಡದೆ ಊದಿದರು. ಸ್ವಲ್ಪ ಹೊತ್ತಿಗೆ ಕರೆಂಟ್ ಬಂತು. ಆಗ ಅವರು ನಮ್ಮ ಕಡೆ ತಿರುಗಿ ನೋಡಿದ ನೋಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕರೆಂಟ್ ತರಿಸಿದ್ದೂ ತಾವೇ ಎಂಬಂತೆ ಇತ್ತು.

ಇಷ್ಟೆಲ್ಲ ಮಾಡಿ ಆಡುವವರು ಯಾರು? ಮೊದಲು ಅವರೇ. ಅವರಷ್ಟು ಕೆಟ್ಟದಾಗಿ ಆಡಿದವರನ್ನು ನಾನು ಕಂಡಿಲ್ಲ. ಮೀಸೆಯ ಕುಳ್ಳ ಹಾರಬೇಕಾದಾಗ ಇವರು ರಿಮೋಟಿನ ಸಮೇತ ಕೂತಲ್ಲೇ ಮೇಲೆದ್ದು ಬೀಳುತ್ತಿದ್ದರು, ಕುಳ್ಳ ಮಾತ್ರ ಮೊದಲನೇ ಗುಂಡಿಗೇ ಬೀಳುತ್ತಿದ್ದ. ದಿನವೂ ಅದೇ ಗುಂಡಿ. ನಾವು ಅಯ್ಯೋ ಎನ್ನಬೇಕು. ಅಯ್ಯೋ ಎನ್ನದವನ ಪಾಳಿ ಅವತ್ತು ಬರುತ್ತಿರಲಿಲ್ಲ. ಆಟದಲ್ಲಿ ಒಬ್ಬರಿಗೆ ಮೂರು ಜೀವ, ಒಂದು ಸಲ ಬಿದ್ದರೆ ಒಂದು ಹೋಯಿತು. ಅವರ ಮೂರೂ ಜೀವ ಮುಗಿದ ಮೇಲೆ ತಮಗೆ ಬೇಕಾದ ಹುಡುಗರಿಗೆ ಒಂದೊಂದು ಜೀವ ಕೊಡುತ್ತಿದ್ದರು. ನಾವು ಹುಡುಗಿಯರು ನೋಡುವವರು. ಶಶಿ ನೋಡುವವಳೂ ಅಲ್ಲ, ಅವಳು ಅಡುಗೆಮನೆಯಿಂದ ಎಲ್ಲರಿಗೂ ಮಂಡಕ್ಕಿ ತಂದುಕೊಡುವವಳು.

ಅವರ ಉಸಿರಿನ ಹೆಸರು ಊರಾಚೆಗೂ ಹೋಯಿತು. ಮದುವೆಗೆಂದು ಬಂದ ಲಿಂಗದಹಳ್ಳಿಯವರೊಬ್ಬರು ಮಗನ ಕ್ಯಾಸೆಟ್ಟನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬಂದು ಊದಿಸಿಕೊಂಡು ಹೋದರು. ಅಮೃತಾಪುರದ ಒಬ್ಬರು, ಕ್ಯಾಸೆಟ್ ಎಂದರೆ ಎಲ್ಲವೂ ಒಂದೇ ಎಂದುಕೊಂಡು, ಭಜನೆಯ ಟೇಪು ತಂದರು. ಇವರು ಅದನ್ನೂ ಊದಿದರು. ಕೆಟ್ಟುಹೋದ ರೇಡಿಯೋ ತಂದವರನ್ನೂ ವಾಪಸ್ ಕಳಿಸಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ನಗುತ್ತಾ ಇದು ನನ್ನ ಕೈಲಾಗುವುದಲ್ಲ ಎನ್ನುತ್ತಿದ್ದರು. ಇವರು ಹೋಗಿ ಬಾಯಿ ಮುಕ್ಕಳಿಸಿಕೊಂಡು ಬರುತ್ತಿದ್ದರು.

ನಾನೀಗ ಕಡೂರಿನಲ್ಲಿ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಹೇಳಿಕೊಡುತ್ತೇನೆ. ಆದ್ದರಿಂದ ಅಧಿಕಾರದಿಂದಲೇ ಹೇಳುತ್ತೇನೆ, ಊದುವುದರಿಂದ ಏನೂ ಆಗುವುದಿಲ್ಲ. ಕ್ಯಾಸೆಟ್ಟಿನ ಅಂಚಿನಲ್ಲಿ ಸಣ್ಣ ಲೋಹದ ಪಟ್ಟಿಗಳಿರುತ್ತವೆ. ಅವಕ್ಕೆ ಕಿಲುಬು ಹಿಡಿದರೆ ಒಳಗಿನ ಪಿನ್ನುಗಳಿಗೆ ಸರಿಯಾಗಿ ತಾಗುವುದಿಲ್ಲ. ಒಂದು ಸಲ ತೆಗೆದು ಮತ್ತೆ ಹಾಕಿದರೆ ಉಜ್ಜಿದಂತಾಗಿ ತಾಗುತ್ತದೆ, ಅಷ್ಟೇ. ಊದಿದರೆ ಎಂಜಲಿನ ಪಸೆ ಸೇರಿ ಕಿಲುಬು ಹೆಚ್ಚುತ್ತದೆ. ಅಂದರೆ ಮೂರು ವರ್ಷ ದಿನಾ ಸಂಜೆ ಅವರು ಮಾಡಿದ್ದು ಮಗಳ ಸಾಮಾನನ್ನು ಉಗುಳು ಹಾಕಿ ಹಾಳು ಮಾಡಿದ್ದು. ಆದರೂ ಒಂದು ವಿಷಯಕ್ಕೆ ನಾನು ಇಷ್ಟು ವರ್ಷ ಅವರಿಗೆ ಒಂದು ಮಾರ್ಕು ಕೊಟ್ಟುಕೊಂಡೇ ಬಂದಿದ್ದೆ. ಪಾಪ, ಆ ಮನುಷ್ಯ ಅದನ್ನು ಮನಸಾರೆ ನಂಬಿದ್ದರಲ್ಲ ಎಂದು.

ಇನ್ನು ನನ್ನ ಪಾಲಿನದನ್ನು ಹೇಳಬೇಕು. ಅದನ್ನು ಬಿಟ್ಟು ಅವರೊಬ್ಬರನ್ನೇ ಬೈದರೆ ನನಗೂ ಆ ವಾಟ್ಸಾಪ್ ಗುಂಪಿನವರಿಗೂ ವ್ಯತ್ಯಾಸವಿರುವುದಿಲ್ಲ.

ಬೇಸಿಗೆ ರಜೆ. ಅವರು ಕಚೇರಿಗೆ ಹೋಗಿದ್ದರು, ಶಶಿಯ ಅಮ್ಮ ಹಪ್ಪಳ ಲಟ್ಟಿಸಲು ಯಾರದೋ ಮನೆಗೆ ಹೋಗಿದ್ದರು. ಶಶಿ ನನ್ನನ್ನು ಕರೆದು ಬಾಗಿಲು ಹಾಕಿದಳು. ಕ್ಯಾಸೆಟ್ ಹಾಕಿದಳು, ಟಿವಿಯಲ್ಲಿ ಬರೀ ಬೂದು ಬಣ್ಣ. ನನಗೆ ಜೀವ ಬಾಯಿಗೆ ಬಂತು, ಸುಟ್ಟುಹೋಯಿತು ಎಂದೇ ತಿಳಿದೆ. ಅವಳು ಹೆದರಲಿಲ್ಲ. ತೆಗೆದು, ಲಂಗದ ಅಂಚಿನಲ್ಲಿ ಒಂದು ಸಲ ಸವರಿ, ಮತ್ತೆ ಒತ್ತಿದಳು. ಟಿಂಗ್ ಎಂದು ಆಟ ಬಂತು. ಊದಲಿಲ್ಲ, ಕುಟ್ಟಲಿಲ್ಲ, ಬಾಯಿ ಮುಕ್ಕಳಿಸಲಿಲ್ಲ.

ಆಮೇಲೆ ಅವಳು ಆಡಿದಳು. ಯಾವಾಗ ಕಲಿತಳೋ ದೇವರೇ ಬಲ್ಲ, ಬಾಗಿಲ ಸಂದಿಯಿಂದ ನೋಡಿ ನೋಡಿಯೇ ಕಲಿತಿರಬೇಕು. ಮೊದಲನೇ ಗುಂಡಿ, ಎರಡನೇದು, ಸುರಂಗ, ಸೇತುವೆ, ಎಲ್ಲ ದಾಟಿದಳು. ನಮ್ಮ ಬೀದಿಯ ಯಾವ ಹುಡುಗನೂ ಕಾಣದ ಕೋಟೆ ಬಂತು, ಅದರ ಬಾಗಿಲ ತನಕ ಹೋದಳು. ಅವಳು ತುಟಿ ಕಚ್ಚಿಕೊಂಡು, ಅಲುಗದೆ ಕೂತು, ಎರಡು ಹೆಬ್ಬೆರಳಲ್ಲಿ ಮಾತ್ರ ಆಡುತ್ತಿದ್ದಳು. ಅಷ್ಟು ಚಂದ ಕೂತ ಶಶಿಯನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಆಮೇಲೆಯೂ ನೋಡಲಿಲ್ಲ.

ಆ ಖುಷಿಯಲ್ಲಿ ಅವಳು ಒಂದು ತಪ್ಪು ಮಾಡಿದಳು. ಸಂಜೆ ಎಲ್ಲರೂ ಸೇರಿದಾಗ, ಅಪ್ಪ ಕ್ಯಾಸೆಟ್ ಕೈಗೆತ್ತಿಕೊಂಡಾಗ, ಮಂಡಕ್ಕಿ ತಟ್ಟೆ ಹಿಡಿದುಕೊಂಡೇ ಹೇಳಿಬಿಟ್ಟಳು. ಊದುವುದೇನೂ ಬೇಡ, ತೆಗೆದು ಹಾಕಿದರೆ ಸಾಕು, ಮಧ್ಯಾಹ್ನ ನಾನು ಹಾಗೇ ಬರಿಸಿದೆ, ಕೋಟೆಯ ತನಕ ಹೋದೆ ಎಂದಳು.

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಾಗುತ್ತಿತ್ತು. ಕ್ಯಾಸೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿದರು. ಮಧ್ಯಾಹ್ನ ಮನೆಯಲ್ಲಿ ಇನ್ಯಾರಿದ್ದರು ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಆದರೂ ನನ್ನ ಕಡೆಯೇ ತಿರುಗಿದರು. ರಿಮೋಟನ್ನು ನನ್ನ ಮುಂದೆ ಚಾಪೆಯ ಮೇಲೆ ಇಟ್ಟರು.

“ನೀನೇಳವ್ವ. ನಾನು ಊದ್ದೆ ಇದು ಬತ್ತದಾ?”

ಆ ರಿಮೋಟನ್ನು ನಾನು ಅಷ್ಟು ಹತ್ತಿರದಿಂದ ಅದೇ ಮೊದಲು ನೋಡಿದ್ದು. ಕೆಂಪು ಗುಂಡಿಗಳು. ಹುಡುಗರು ಒತ್ತಿ ಒತ್ತಿ ಒಂದರ ಮೇಲಿನ ಅಕ್ಷರ ಅಳಿಸಿಹೋಗಿತ್ತು.

“ಇಲ್ಲ ಮಾವ, ಬರಲ್ಲ,” ಎಂದೆ. “ಶಶಿ ಸುಮ್ನೆ ಹೇಳ್ತಾಳೆ.”

ಶಶಿ ನನ್ನನ್ನು ನೋಡಿದಳು, ತಟ್ಟೆ ಕೆಳಗಿಟ್ಟು ಹಿತ್ತಲಿಗೆ ಹೋದಳು. ಅವರು ಹೋಗಿ ಬಾಯಿ ಮುಕ್ಕಳಿಸಿ ಬಂದು ಊದಿದರು. ನನಗೆ ಒಂದು ಜೀವ ಕೊಟ್ಟರು. ನಾನು ಮೊದಲನೇ ಗುಂಡಿಗೇ ಬಿದ್ದೆ, ಎಲ್ಲರೂ ಅಯ್ಯೋ ಎಂದರು. ಮಾರನೇ ದಿನದಿಂದ ಅವರು ಕಚೇರಿಗೆ ಹೋಗುವಾಗ ಆ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡು ಹೋಗುತ್ತಿದ್ದರು. ಶಶಿ ಮತ್ತೆ ಅದನ್ನು ಮುಟ್ಟಲಿಲ್ಲ. ನನ್ನ ಜೊತೆ ಮಾತು ಬಿಡಲಿಲ್ಲ, ಬೆಂಚು ಬದಲಿಸಲಿಲ್ಲ, ಆದರೆ ಅದರ ಸುದ್ದಿಯನ್ನು ಯಾವತ್ತೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ವರ್ಷಗಳು ಹೋದವು. ಹುಡುಗರು ಬೆಳೆದು ಚದುರಿದರು, ಆ ಡಬ್ಬಿ ಬೀರುವಿನಲ್ಲೇ ಉಳಿಯಿತು. ಅವರು ರಿಟೈರಾದರು. ಕಚೇರಿಯ ಬಾಗಿಲು ಮಾರನೇ ದಿನವೂ ಹತ್ತು ಗಂಟೆಗೇ ತೆರೆಯಿತು. ಅದು ಅವರಿಗೆ ದೊಡ್ಡ ಪೆಟ್ಟು ಎಂದು ನಮ್ಮಮ್ಮ ಹೇಳುತ್ತಿದ್ದಳು. ಜಗಲಿಯಲ್ಲಿ ಕೂತು ಹೋಗುವವರನ್ನು ಕರೆಯುತ್ತಿದ್ದರಂತೆ, ಯಾರೂ ನಿಲ್ಲುತ್ತಿರಲಿಲ್ಲವಂತೆ. ನಿಲ್ಲಬೇಕಾದ ಕಾರಣವೂ ಇರಲಿಲ್ಲ.

ಅಷ್ಟರಲ್ಲಿ ಈ ಬಾಲ್ಯದ ಹುಚ್ಚು ಶುರುವಾಯಿತು. ನಮ್ಮ ಬೀದಿಯವನೇ ಒಬ್ಬ, ಈಗ ಕಡೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವವನು, ಅವರನ್ನು ಹುಡುಕಿಕೊಂಡು ಹೋಗಿ ಬೀರುವಿನಿಂದ ಡಬ್ಬಿ ತೆಗೆಸಿ, ಕ್ಯಾಸೆಟ್ ಊದುವುದನ್ನು ವಿಡಿಯೋ ಮಾಡಿ ಹಾಕಿದ. ಜನ ಮುಗಿಬಿದ್ದು ನೋಡಿದರು. ಆ ವಿಡಿಯೋ ನನ್ನ ಹತ್ತಿರ ಇನ್ನೂ ಇದೆ. ಡಬ್ಬಿಗೆ ವೈರನ್ನೇ ಸಿಕ್ಕಿಸಿಲ್ಲ, ಪಕ್ಕದ ಟಿವಿ ಗೋಡೆಗೆ ಅಂಟಿಸಿದ ಹೊಸದು. ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೂದಲಿಗೆ ಬಣ್ಣ ಬಳಿದು, ಕಣ್ಣು ಮುಚ್ಚಿ ಊದುತ್ತಾರೆ. ಕೊನೆಯಲ್ಲಿ ಕ್ಯಾಮೆರಾ ನೋಡಿ, ಸರಿಯಾಗಿ ಬಂತೇನಪ್ಪಾ, ಇನ್ನೊಂದ್ಸಲ ಊದ್ಲಾ ಎನ್ನುತ್ತಾರೆ. ಆ ಭಾಗವನ್ನು ಅವನು ಕತ್ತರಿಸದೆ ಬಿಟ್ಟಿದ್ದಾನೆ, ಎಲ್ಲರಿಗೂ ಅದೇ ಮುದ್ದು ಎನಿಸಿತಂತೆ. ನನಗೆ ಮೈ ಉರಿಯಿತು. ಆ ಮನೆಯ ನಡುಮನೆಯಲ್ಲಿ ಮಂಡಕ್ಕಿ ಹಂಚುತ್ತಿದ್ದವಳೊಬ್ಬಳಿದ್ದಳು ಎಂಬುದು ವಿಡಿಯೋ ಕೆಳಗೆ ಬರೆದವರಲ್ಲಿ ಒಬ್ಬರಿಗೂ ನೆನಪಾಗಿರಲಿಲ್ಲ.

ತೀರಿಕೊಂಡ ಮೂರನೇ ದಿನ ಹಾಲುತುಪ್ಪ. ಸಮಾಧಿಗೆ ಹಾಲು ತುಪ್ಪ ಬಿಟ್ಟು, ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಎಡೆ ಇಟ್ಟು ಬರುವುದು ನಮ್ಮ ಕಡೆಯ ಪದ್ಧತಿ. ಶಶಿಯ ಮುಖ ನೋಡಬೇಕೆಂದು ನಾನೂ ಹೋದೆ. ಅವಳು ಚೌಳಹಿರಿಯೂರಿನ ಕಡೆ ಅಂಗನವಾಡಿಯಲ್ಲಿದ್ದಾಳೆ. ಕೂದಲು ಅರ್ಧ ಬೆಳ್ಳಗಾಗಿದೆ. ಅಳುತ್ತಿರಲಿಲ್ಲ, ಬಂದವರನ್ನು ಕೂರಿಸುವುದು, ಚೊಂಬು ತುಂಬುವುದು, ಅದೇ ಹಳೇ ಓಡಾಟ.

ಎಲೆಯ ಮೇಲೆ ಮೆಣಸಿನಕಾಯಿ ಬೋಂಡ, ಕಾಫಿ, ಅಡಿಕೆ ಎಲ್ಲ ಇಟ್ಟರು. ಆಗ ಮೊಬೈಲ್ ಅಂಗಡಿಯವನು ಮುಂದೆ ಬಂದು ಚೀಲದಿಂದ ಆ ಬೂದು ಡಬ್ಬಿ ತೆಗೆದ. ವಿಡಿಯೋ ಮಾಡಿದ ಮೇಲೆ ಅಂಗಡಿಯಲ್ಲಿ ಇಟ್ಟುಕೊಳ್ಳಲು ಅವರೇ ಕೊಟ್ಟಿದ್ದರಂತೆ. ಅದಕ್ಕೆ ಚೆಂಡುಹೂವಿನ ಹಾರ ಬೇರೆ ಸುತ್ತಿದ್ದ. ಕ್ಯಾಸೆಟ್ ಸಮೇತ ಬೋಂಡದ ಪಕ್ಕ ಇಟ್ಟು ಕೈಮುಗಿದ. ಗುಂಪಿನವರು ಫೋನು ಎತ್ತಿದರು. ಇದು ಅವರ ಜೊತೆಗೇ ಇರಲಿ, ಅವರ ಉಸಿರಿಲ್ಲದೆ ಇದಕ್ಕೆ ಜೀವವಿಲ್ಲ ಎಂದು ಅವನು ಕಣ್ಣೊರೆಸಿಕೊಳ್ಳುತ್ತಾ ಹೇಳಿದ.

ಶಶಿ ಹಾಲಿನ ಚೊಂಬನ್ನು ನೆಲಕ್ಕಿಟ್ಟಳು. ಬಗ್ಗಿ, ಹಾರವನ್ನು ಬಿಡಿಸಿ ಎಲೆಯ ಮೇಲೆ ಬಿಟ್ಟು, ಡಬ್ಬಿಯನ್ನೂ ಕ್ಯಾಸೆಟ್ಟನ್ನೂ ಎತ್ತಿಕೊಂಡಳು.

“ಇದು ನಂದು,” ಎಂದಳು.

ಹಿರಿಯರೊಬ್ಬರು, ಎಡೆಗೆ ಇಟ್ಟದ್ದನ್ನು ಕಾಗೆ ಮುಟ್ಟುವ ಮೊದಲು ತೆಗೆಯಬಾರದು ತಾಯಿ ಎಂದು ಗದರಿದರು. ಅವಳು ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು ನಿಂತೇ ಇದ್ದಳು. ಮೊಬೈಲ್ ಅಂಗಡಿಯವನು ಸಮಾಧಾನ ಮಾಡುವ ದನಿಯಲ್ಲಿ, ಅಕ್ಕಾ, ತಗೊಂಡು ಏನು ಮಾಡ್ತೀಯ, ಅವರಿಲ್ಲದೆ ಅದು ಬರೀ ಡಬ್ಬಿ ಎಂದ. ಆಮೇಲೆ ಸಾಕ್ಷಿಗೆಂದು ನನ್ನ ಕಡೆ ತಿರುಗಿದ. ಎಲೆಕ್ಟ್ರಾನಿಕ್ಸ್ ಓದಿದವಳು ನಾನೇ ತಾನೆ.

“ನೀವೇ ಹೇಳಿ ಮೇಡಂ. ಅವರು ಊದ್ದೆ ಅದು ಬತ್ತಿತ್ತಾ?”

ಮೂವತ್ತು ವರ್ಷ ಕಳೆದು ಅದೇ ಪ್ರಶ್ನೆ. ಈ ಸಲ ನನ್ನ ಮುಂದೆ ಯಾರೂ ರಿಮೋಟ್ ಇಟ್ಟಿರಲಿಲ್ಲ.

“ಬತ್ತಿತ್ತು,” ಎಂದೆ. “ಶಶಿ ಊದ್ದೇನೇ ಬರ್ಸಿದ್ಲು. ನಾನು ಪಕ್ಕದಲ್ಲೇ ಕೂತು ನೋಡಿದೀನಿ. ಅವತ್ತು ಅವರ ಮುಂದೆ ಸುಳ್ಳು ಹೇಳ್ದೆ. ಅದು ಅವಳ್ದೇ, ತಗೊಂಡ್ಹೋಗ್ಲಿ ಬಿಡಿ.”

ಫೋನುಗಳು ಕೆಳಗಿಳಿದವು. ಹಿರಿಯರು ಮುಖ ತಿರುಗಿಸಿಕೊಂಡು ಉಳಿದ ಹಾಲು ಬಿಡಿಸಿದರು.

ವಾಪಸ್ ಬರುವಾಗ ನಾನೂ ಶಶಿಯೂ ಎಲ್ಲರಿಗಿಂತ ಹಿಂದೆ ಉಳಿದೆವು. ಎದೆಯ ಮೇಲಿನ ಭಾರ ಇಳಿದ ಹಾಗಾಗಿತ್ತು ನನಗೆ, ಸುಳ್ಳೇಕೆ ಹೇಳಲಿ. ಅವಳು ಕೈ ಹಿಡಿದುಕೊಳ್ಳುತ್ತಾಳೆ, ಅಳುತ್ತಾಳೆ ಎಂದೆಲ್ಲ ಅಂದುಕೊಂಡೆ. ಅವಳು ಡಬ್ಬಿಗೆ ಮೆತ್ತಿದ್ದ ಬೋಂಡದ ಎಣ್ಣೆಯನ್ನು ಸೆರಗಿನ ಅಂಚಿನಲ್ಲಿ ಒರೆಸುತ್ತಾ ನಡೆಯುತ್ತಿದ್ದಳು. ನಾನೇ ಬಾಯಿಬಿಟ್ಟೆ. ನಿಮ್ಮಪ್ಪ ಅದನ್ನು ನಿಜವೆಂದೇ ನಂಬಿದ್ದರು ಕಣೇ, ಅವರ ಎದುರಿಗೆ ಅದು ಸುಳ್ಳು ಎನ್ನಲು ನನಗೆ ಆಗಲಿಲ್ಲ ಎಂದೆ.

ಅವಳು ನಿಂತು ನನ್ನನ್ನು ನೋಡಿದಳು. ಅವತ್ತು ಹಿತ್ತಲಿಗೆ ಹೋಗುವ ಮೊದಲು ನೋಡಿದ್ದು ಹೀಗೆಯೇ.

“ನಂಬಿದ್ರಾ? ಮನೇಲಿ ನಾನೊಬ್ಳೇ ಇದ್ದಾಗ ಅಪ್ಪ ಯಾವತ್ತೂ ಊದ್ತಿರ್ಲಿಲ್ಲ ಕಣೇ. ತೆಗ್ದು ಹಾಕೋದು, ತೆಗ್ದು ಹಾಕೋದು, ಅಷ್ಟೇ. ನಾನು ಕಲ್ತಿದ್ದೇ ಅವರನ್ನ ನೋಡಿ. ನೀವೆಲ್ಲ ಬಂದು ಕೂತ್ಮೇಲೇ ಅವರು ಬಾಯಿ ಮುಕ್ಕಳಿಸೋಕೆ ಏಳ್ತಿದ್ದದ್ದು.”

ಅಷ್ಟು ವರ್ಷ ಅವರಿಗೆ ಕೊಟ್ಟುಕೊಂಡು ಬಂದಿದ್ದ ಆ ಒಂದು ಮಾರ್ಕೂ ಹೋಯಿತು. ನಾನು ಕಾಪಾಡಿದ್ದು ಒಬ್ಬ ಮೂಢನ ನಂಬಿಕೆಯನ್ನಲ್ಲ. ಎಲ್ಲ ಗೊತ್ತಿದ್ದ ಒಬ್ಬ ದೊಡ್ಡ ಮನುಷ್ಯನ ಸುಳ್ಳನ್ನು, ಒಂದು ಜೀವದ ಆಸೆಗೆ.

ಬಸ್ ಸ್ಟ್ಯಾಂಡಿನಲ್ಲಿ ಅವಳು ಡಬ್ಬಿಯನ್ನು ಟವಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಊರಿಗೆ ಹೋಗಿ ವೈರು ಹುಡುಕಬೇಕು, ಆ ಕೋಟೆಯ ಆಚೆ ಏನಿದೆ ನೋಡಬೇಕು ಎಂದಳು. ಬಸ್ಸು ಬಂತು, ಹತ್ತಿ ಕಿಟಕಿಯ ಪಕ್ಕ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ನಾನೂ ಬಂದು ಪಕ್ಕದಲ್ಲಿ ಕೂತು ನೋಡಲಾ ಎಂದು ಕೇಳಬೇಕೆನಿಸಿತು. ಬಸ್ಸು ಹೊರಡುವ ತನಕ ಕಿಟಕಿಯ ಕೆಳಗೇ ನಿಂತಿದ್ದೆ, ಕೇಳಲು ಬಾಯಿ ಬರಲಿಲ್ಲ.